ಹಾಡಿನ ಅವಧಿ ಪ್ಲೇಯರ್‌ಗೆ ಹೇಗೆ ಗೊತ್ತಾಗುತ್ತದೆ?

ಹಾಡು ಹಚ್ಚಿದ ಕೂಡಲೇ ಪರದೆಯ ಮೇಲೆ 4:00 ಎಂದು ಮೂಡುತ್ತದೆ. ಎಷ್ಟೋ ಎಂಪಿ3 ಫೈಲುಗಳಲ್ಲಿ ಆ ಅಂಕಿ ಎಲ್ಲಿಯೂ ಬರೆದಿರುವುದಿಲ್ಲ. ಪ್ಲೇಯರ್ ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ.

ಎಂಪಿ3 ಎಂದರೆ ಸಾಲಾಗಿ ಜೋಡಿಸಿದ ಫ್ರೇಮುಗಳು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಹಾಡಿನಲ್ಲಿ ಒಂದೊಂದು ಫ್ರೇಮಿನಲ್ಲೂ 1,152 ಸ್ಯಾಂಪಲ್, ಅಂದರೆ ಸುಮಾರು 26 ಮಿಲಿಸೆಕೆಂಡಿನ ಸದ್ದು. ಎಲ್ಲವನ್ನೂ ಎಣಿಸಿದರೆ ಅವಧಿ ಕರಾರುವಾಕ್ಕಾಗಿ ಸಿಗುತ್ತದೆ, ಆದರೆ ಫೈಲನ್ನು ಕೊನೆಯವರೆಗೆ ಓದಬೇಕು. ಅಷ್ಟು ಕಾಯಲಾಗದ ಪ್ಲೇಯರ್ ಮೊದಲ ಫ್ರೇಮಿನ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ಲೆಕ್ಕ) ನೋಡಿ, ಫೈಲಿನ ಗಾತ್ರವನ್ನು ಅದರಿಂದ ಭಾಗಿಸಿಬಿಡುತ್ತದೆ. ಬಿಟ್‌ರೇಟ್ ಏರಿಳಿಯುವ ಫೈಲುಗಳಲ್ಲಿ ಈ ಉಪಾಯ ಕೈಕೊಡುತ್ತದೆ. ಸರಾಸರಿ 128 ಕಿಲೋಬಿಟ್‌ನ ಹಾಡು ನಿಶ್ಶಬ್ದದಿಂದ ಶುರುವಾಗಿ ಮೊದಲ ಫ್ರೇಮ್ 32 ಕಿಲೋಬಿಟ್ ಇದ್ದರೆ, ನಾಲ್ಕು ನಿಮಿಷದ ಹಾಡು ಹದಿನಾರು ನಿಮಿಷವಾಗಿ ಕಾಣುತ್ತದೆ! ಇದನ್ನು ತಪ್ಪಿಸಲೆಂದೇ ಒಟ್ಟು ಫ್ರೇಮುಗಳ ಸಂಖ್ಯೆಯನ್ನು ಆರಂಭದಲ್ಲೇ ಬರೆದಿಡುವ ಕ್ಸಿಂಗ್ ಹೆಡರ್ ಬಳಕೆಗೆ ಬಂತು. ಅಂಥ ಮಾಹಿತಿ ಇಲ್ಲದೆ ಬಿಟ್‌ರೇಟ್‌ನಿಂದ ಅಂದಾಜು ಮಾಡುವಾಗ ಎಫ್‌ಎಫ್‌ಎಂಪೆಗ್ ತಂತ್ರಾಂಶ ‘ಇದು ತಪ್ಪಿರಬಹುದು’ ಎಂದು ಎಚ್ಚರಿಸುತ್ತದೆ. ಆ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ಹೀಗೆ ಅವಧಿಯನ್ನು ಲೆಕ್ಕ ಹಾಕುವ ಕೋಡಿನಲ್ಲಿ ಯಾರಾದರೂ ಬದಲಾವಣೆ ಮಾಡಿದರೆ, ಪರಿಶೀಲಿಸುವವರು ಮೊದಲು ನೋಡಬೇಕಾದದ್ದು ಏಕಮಾನ. ಎಫ್‌ಎಫ್‌ಎಂಪೆಗ್ ಇಡೀ ಫೈಲಿನ ಅವಧಿಯನ್ನು ಮೈಕ್ರೋಸೆಕೆಂಡಿನಲ್ಲಿ ಇಡುತ್ತದೆ; ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮಿನ ಸಮಯಸೂಚಿಗಳಲ್ಲಿ ಸೆಕೆಂಡಿಗೆ 90,000 ಟಿಕ್. ಒಂದು ತುಣುಕಿನ ಅವಧಿ 2,29,500 ಟಿಕ್ ಎಂದುಕೊಳ್ಳಿ. ಮಿಲಿಸೆಕೆಂಡಿಗೆ ತರಲು ಕೋಡ್ ಅದನ್ನು 90,000ದಿಂದ ಭಾಗಿಸಿ ಆಮೇಲೆ 1,000ದಿಂದ ಗುಣಿಸಿದರೆ, ಪೂರ್ಣಾಂಕದ ಭಾಗಾಕಾರದಲ್ಲಿ ದಶಮಾಂಶ ಉದುರಿ 2 ಮಾತ್ರ ಉಳಿಯುತ್ತದೆ. ಉತ್ತರ 2,000 ಮಿಲಿಸೆಕೆಂಡ್, ಬರಬೇಕಾದದ್ದು 2,550. ಹಾಗಾದರೆ ಮೊದಲು ಗುಣಿಸೋಣವೇ? 32 ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಾದರೆ, ಅವಧಿ 24 ಸೆಕೆಂಡ್ ಮುಟ್ಟುವ ಮೊದಲೇ ಗುಣಲಬ್ಧ ಮಿತಿ ಮೀರುತ್ತದೆ, ಋಣಸಂಖ್ಯೆಯೂ ಆಗಬಹುದು. ಇಲ್ಲಿ 64 ಬಿಟ್ ಬೇಕೇ ಬೇಕು. ಹತ್ತು ಸೆಕೆಂಡಿನ ಮಾದರಿ ಫೈಲಿನಲ್ಲಿ ಪರೀಕ್ಷೆ ಪಾಸಾಯಿತೆಂದರೆ ನಂಬಬೇಡಿ, ಮೂರು ಗಂಟೆಯ ಸಿನಿಮಾ ಹಾಕಿಸಿ.

ನೇರಪ್ರಸಾರದ್ದು ಬೇರೆಯೇ ಕಥೆ: ಅದಕ್ಕೆ ಕೊನೆ ಎಂಬುದು ಇನ್ನೂ ಬಂದಿಲ್ಲ. ಅವಧಿ ತಿಳಿಯದಿದ್ದಾಗ 0 ಎಂದು ತುಂಬಿಬಿಡುವುದು ಸುಲಭ, ಅಷ್ಟೇ ಅಪಾಯಕಾರಿ. ಹಾಡು ಆಗಲೇ ಮುಗಿಯಿತೆಂದು ಪ್ಲೇಯರ್ ಮುಂದಿನದಕ್ಕೆ ಜಿಗಿಯಬಹುದು. ವೆಬ್‌ನ ಎಚ್‌ಟಿಎಂಎಲ್ ಮಾನದಂಡ ಇದನ್ನು ಸರಿಯಾಗಿ ಬಿಡಿಸಿದೆ: ಮಾಹಿತಿ ಬರುವವರೆಗೆ ‘ಸಂಖ್ಯೆಯಲ್ಲ’, ಕೊನೆಯಿಲ್ಲದ ಪ್ರಸಾರಕ್ಕೆ ‘ಅನಂತ’. ಈ ಎರಡನ್ನೂ ಸೊನ್ನೆಯೊಂದಿಗೆ ಬೆರೆಸುವ ಬದಲಾವಣೆ ಉಳಿದೆಲ್ಲ ವಿಷಯದಲ್ಲಿ ಎಷ್ಟೇ ಅಚ್ಚುಕಟ್ಟಾಗಿದ್ದರೂ, ತಿದ್ದಿ ತರುವವರೆಗೆ ಒಪ್ಪಬಾರದು.