ಕಿತ್ತಳೆಯ ಆಸೆಗೆ ಹುಟ್ಟಿದ ಊರು

ಅಮೆರಿಕದ ಫ್ಲಾರಿಡಾದಲ್ಲಿ, ಮನ್ರೋ ಸರೋವರದ ದಕ್ಷಿಣ ದಂಡೆಯಲ್ಲಿ ಸ್ಯಾನ್‌ಫರ್ಡ್ ಎಂಬ ಊರಿದೆ. 1870ರಲ್ಲಿ ಅಲ್ಲಿದ್ದದ್ದು ಪೈನ್ ಮರಗಳು, ಜೌಗು ನೆಲ, ಹಳೆಯ ಸೇನಾ ಕೋಟೆಯ ಬಳಿ ಬೆಳೆದ ಮೆಲನ್‌ವಿಲ್ ಎಂಬ ಪುಟ್ಟ ಹಳ್ಳಿ. ಆ ವರ್ಷ ಹೆನ್ರಿ ಸ್ಯಾನ್‌ಫರ್ಡ್ ಎಂಬಾತ ಅಲ್ಲಿ 12 ಸಾವಿರಕ್ಕೂ ಹೆಚ್ಚು ಎಕರೆ ಕೊಂಡ. ಅಧ್ಯಕ್ಷ ಲಿಂಕನ್ ಕಾಲದಲ್ಲಿ ಬೆಲ್ಜಿಯಂಗೆ ಅಮೆರಿಕದ ರಾಯಭಾರಿಯಾಗಿ ಹೋದವನು ಈತ.

ಊರು ಕಟ್ಟಿ ಕಿತ್ತಳೆ ಬೆಳೆಯುವುದು ಅವನ ಉದ್ದೇಶ; ಜಾಗದ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತು. ಸೇಂಟ್ ಜಾನ್ಸ್ ನದಿಯಲ್ಲಿ ಜಾಕ್ಸನ್‌ವಿಲ್‌ನಿಂದ ಬರುತ್ತಿದ್ದ ದೊಡ್ಡ ಸ್ಟೀಮರ್‌ಗಳಿಗೆ ಆಗ ಈ ಸರೋವರವೇ ಕೊನೆಯ ನಿಲ್ದಾಣವಾಗಿತ್ತು. ಒಳನಾಡಿನ ಸರಕೆಲ್ಲ ಇಲ್ಲೇ ಇಳಿದು ಹತ್ತಬೇಕಿತ್ತು. ಜೊತೆಗೆ, ವಾಯುವ್ಯದಿಂದ ಬೀಸುವ ಚಳಿಗಾಳಿ ನೀರಿನ ಮೇಲೆ ಹಾದು ಬರುವಾಗ ಕೊಂಚ ಬೆಚ್ಚಗಾಗುತ್ತದೆ; ಕಿತ್ತಳೆ ಗಿಡಕ್ಕೆ ಅಷ್ಟು ಆಸರೆಯೂ ದೊಡ್ಡದೇ.

ಕಾಡು ಕಡಿಯಲು ಹೆನ್ರಿ ಕಪ್ಪು ಜನಾಂಗದ ಕೆಲಸಗಾರರನ್ನು ಕರೆತಂದಾಗ, ಸುತ್ತಲಿನ ಬಿಳಿಯರು ಬಂದೂಕು ಹಿಡಿದು ಅವರನ್ನು ಓಡಿಸಿದರು. 1871ರಲ್ಲಿ ಸ್ವೀಡನ್‌ನಿಂದ ಅವರ ಬದಲಿಗೆ ಆಳುಗಳು ಬಂದರು. ಹಡಗಿನ ಖರ್ಚಿಗೆ ಬದಲಾಗಿ ಒಂದು ವರ್ಷದ ದುಡಿಮೆ ಎಂಬುದು ಕರಾರು. ಅವರಲ್ಲಿ ಹಲವರು ಮುಂದೆ ನ್ಯೂ ಅಪ್ಸಾಲಾ ಎಂಬ ತಮ್ಮದೇ ನೆಲೆ ಕಟ್ಟಿಕೊಂಡರು. ಬೆಲೇರ್ ಎಂಬ ತನ್ನ ತೋಟದಲ್ಲಿ ಹೆನ್ರಿ ದೇಶವಿದೇಶಗಳ ಕಿತ್ತಳೆ, ನಿಂಬೆ ತಳಿಗಳನ್ನು ನೆಟ್ಟು ಪರೀಕ್ಷಿಸಿದ. ಯುರೋಪಿನಿಂದ ತರಿಸಿದ ವಿಲ್ಲಾಫ್ರಾಂಕಾ ನಿಂಬೆ ಅವುಗಳಲ್ಲೊಂದು.

ಆದರೆ ವ್ಯಾಪಾರದ ಜೀವಾಳ ಹಣ್ಣಲ್ಲ, ನೆಲ. ತುಂಬಿದ ತೋಟ ನೋಡಿದವನಿಗೆ ಪಕ್ಕದ ಖಾಲಿ ಜಾಗವೂ ಬಂಗಾರವಾಗಿ ಕಾಣುತ್ತದೆ. 1880ರಲ್ಲಿ ಈ ಜಮೀನು ಮಾರಲೆಂದೇ ಲಂಡನ್ನಿನಲ್ಲಿ ಕಂಪನಿಯೊಂದು ಶುರುವಾಯಿತು. ಅದೇ ವರ್ಷ ಮಾಜಿ ಅಧ್ಯಕ್ಷ ಗ್ರಾಂಟ್ ಗುದ್ದಲಿಪೂಜೆ ಮಾಡಿದ ರೈಲುಹಳಿ ಇಲ್ಲಿಂದ ಒರ್ಲಾಂಡೊ ಮುಟ್ಟಿತು. ಆದರೆ ಕೊಂಡವರು ಕೈಕಟ್ಟಿ ಕಾಯಬೇಕಿತ್ತು: ಕಸಿ ಮಾಡಿದ ಗಿಡವೂ ಕೈತುಂಬ ಫಲ ಕೊಡಲು ಹಲವು ವರ್ಷ ಬೇಕು. ಹೆನ್ರಿಗೇ ಆ ತಾಳ್ಮೆ ಇರಲಿಲ್ಲ. ಬೆಲ್ಜಿಯಂನ ರಾಜ ಎರಡನೇ ಲಿಯೊಪೋಲ್ಡ್‌ನ ಆಫ್ರಿಕಾದ ಕಾಂಗೊ ವಶಪಡಿಸಿಕೊಳ್ಳುವ ಯೋಜನೆಗೆ ಅಮೆರಿಕದ ಮನ್ನಣೆ ಗಿಟ್ಟಿಸುವುದರಲ್ಲೂ ಆತ ಮುಳುಗಿದ್ದ. 1891ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹಣಕಾಸು ಹದಗೆಟ್ಟಿತ್ತು.

1894ರ ಡಿಸೆಂಬರ್ ಕೊನೆಯ ಚಳಿಗೆ ಹಣ್ಣು, ಎಲೆ ಉದುರಿದವು. ಜನವರಿ ಬೆಚ್ಚಗಾಯಿತು, ಬೋಳು ಮರಗಳಲ್ಲಿ ರಸವೇರಿ ಚಿಗುರು ಮೂಡಿತು. ಫೆಬ್ರುವರಿಯಲ್ಲಿ ಇನ್ನೊಂದು ಚಳಿ ಬಂತು. ರಸ ಹೆಪ್ಪುಗಟ್ಟಿ ತೊಗಟೆ ಸೀಳಿತು, ಬುಡದವರೆಗೂ ಮರಗಳು ಸತ್ತವು. ಈ ಬಾರಿ ಸರೋವರದ ಆಸರೆ ಸಾಲಲಿಲ್ಲ.

ಮತ್ತೆ ನೆಟ್ಟು ವರ್ಷಗಟ್ಟಲೆ ಕಾಯಲು ಹಲವರ ಬಳಿ ದುಡ್ಡಿರಲಿಲ್ಲ. ಒಂದೇ ಹಂಗಾಮಿನಲ್ಲಿ ಕೈಗೆ ಬರುವ ತರಕಾರಿಗೆ, ಅದರಲ್ಲೂ ಸೆಲರಿ ಸೊಪ್ಪಿಗೆ ಅವರು ತಿರುಗಿದರು. ತಾನಾಗಿ ಉಕ್ಕುವ ಕೊಳವೆಬಾವಿಗಳ ನೀರು ಅದಕ್ಕೆ ಸಿಕ್ಕಿತು. ರೈಲಿನಲ್ಲಿ ಸೆಲರಿ ಉತ್ತರದ ಪೇಟೆಗಳಿಗೆ ಸಾಗಿತು. ಕೊನೆಗೆ ಊರಿಗೆ ಅಂಟಿದ ಅಡ್ಡಹೆಸರು ‘ಸೆಲರಿ ಸಿಟಿ’. ಕನಸಿಗೆ ನೆಲ ಕೊಂಡವರಲ್ಲ, ಹಂಗಾಮಿನ ಲೆಕ್ಕ ಹಿಡಿದವರೇ ಊರನ್ನು ಉಳಿಸಿದರು.