ತೋಟಕ್ಕೂ ಬರಲಿ ತರಬೇತಿ ವೈದ್ಯರು

ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ: ಶೇ. 1ರ ಬೋರ್ಡೋ ದ್ರಾವಣದ ಈ ಲೆಕ್ಕ ನಮಗೆಲ್ಲ ಬಾಯಿಪಾಠ. ಆದರೆ ಮದ್ದು ಬಿಡುವ ಕೊನೆಗಾರನ ಕಣ್ಣು, ಚರ್ಮಗಳ ಜೋಪಾನದ ಪಾಠ ಹೇಳುವವರು ಯಾರು?

1951ರ ತೋಟ ಕಾರ್ಮಿಕರ ಕಾಯಿದೆ 1981ರ ತಿದ್ದುಪಡಿಯ ಬಳಿಕವೂ ಸಾಮಾನ್ಯವಾಗಿ 5 ಹೆಕ್ಟೇರಿಗಿಂತ ಸಣ್ಣ ತೋಟಗಳನ್ನು ಮುಟ್ಟಲಿಲ್ಲ. ದೊಡ್ಡ ಎಸ್ಟೇಟುಗಳ ಔಷಧಾಲಯ ನಮ್ಮ ಕೆಲಸದವರಿಗೆ ದೂರವೇ ಉಳಿಯಿತು.

ಇದಕ್ಕೊಂದು ದಾರಿಯಿದೆ. ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. 2021ರ ನಿಯಮದಂತೆ ಅದರಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಈ ಯುವ ವೈದ್ಯರನ್ನು ನಮ್ಮ ಕಣಕ್ಕೂ ಕರೆಯೋಣ.

ಅವರು ಹೇಳಬೇಕಾದ ಮಾತು ಹೆಚ್ಚಿಲ್ಲ. ಮದ್ದು ಹೊಡೆದ ಕೈಯನ್ನು ಸೋಪಿನಿಂದ ತೊಳೆಯದೆ ಎಲೆಯಡಿಕೆ ಮುಟ್ಟಬಾರದು. ಕಳೆನಾಶಕ ಪ್ಯಾರಾಕ್ವಾಟ್ ಹೊಟ್ಟೆ ಸೇರಿದರೆ ಪ್ರತಿವಿಷವಿಲ್ಲ. ಅದನ್ನು ನೀರಿನ ಬಾಟಲಿಗೆ ಸುರಿದಿಡಲೇಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ. ಅದರ ಕಾಲವೂ ನಮ್ಮ ಕೊಯಿಲಿನ ಕಾಲವೂ ಒಂದೇ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರೂ ಇಲ್ಲಿ ಕಲಿಯುವುದಿದೆ. ಕಾಫಿ ಕೊಯ್ಯಲು ಅಸ್ಸಾಮಿನಿಂದ ಬಂದವರಿಗೆ ಕನ್ನಡದ ಕರಪತ್ರ ಉಪಯೋಗವಿಲ್ಲ. ಚಿತ್ರ ತೋರಿಸಬೇಕು, ಮಾಡಿ ತೋರಿಸಬೇಕು.

ಅಕ್ಕಪಕ್ಕದ ನಾಲ್ಕು ಬೆಳೆಗಾರರು ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಮನವಿ ಕೊಡೋಣ. ಬಟವಾಡೆಯ ದಿನ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯ ಕೂಲಿಯನ್ನು ಮಾತ್ರ ಯಾರೂ ಕಡಿಯಬಾರದು.