ಗ್ರೀಸಿಗೆ ಕಪ್ಪು ಪುಡಿ ಬಂದ ದಾರಿ

ನೆಲ ಅಗೆಯುವ ಯಂತ್ರದಲ್ಲಿ ಬಕೆಟ್ಟನ್ನು ತೋಳಿಗೆ ಜೋಡಿಸುವ ಪಿನ್ನಿನ ಪಾಡು ಕಠಿಣ. ಮೇಲೆ ಟನ್‌ಗಟ್ಟಲೆ ಭಾರ, ಚಲನೆ ಮಾತ್ರ ನಿಧಾನ. ಅದು ಪೂರ್ತಿ ಸುತ್ತು ತಿರುಗುವುದಿಲ್ಲ. ಅತ್ತಿತ್ತ ಹೊರಳಿ ನಿಲ್ಲುತ್ತದೆ. ಎಣ್ಣೆಯ ಪದರ ಲೋಹವನ್ನು ಎತ್ತಿಹಿಡಿಯಲು ವೇಗ ಬೇಕು. ವೇಗವಿಲ್ಲದ ಕಡೆ ಎಣ್ಣೆ ಹಿಂಡಿಹೋಗಿ ಪಿನ್ನು ತನ್ನ ಸುತ್ತಲಿನ ಲೋಹದ ಬಳೆಗೆ, ಅಂದರೆ ಬುಶ್ಶಿಗೆ, ಉಜ್ಜುತ್ತದೆ. ಆ ಗಳಿಗೆಗೆಂದೇ ಗ್ರೀಸಿನಲ್ಲಿ ಕಪ್ಪು ಪುಡಿ ಬೆರೆಸಿರುತ್ತಾರೆ: ಗ್ರಾಫೈಟ್ ಇಲ್ಲವೇ ಮಾಲಿಬ್ಡಿನಂ ಡೈಸಲ್ಫೈಡ್.

ಎರಡೂ ಬೆರಳಿಗೆ ಹತ್ತುವ ನುಣುಪು ಖನಿಜಗಳು. ಬಹುಕಾಲ ಒಂದನ್ನು ಇನ್ನೊಂದೆಂದು ತಿಳಿದವರೇ ಹೆಚ್ಚು. 1778ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಅವು ಬೇರೆಬೇರೆಯೆಂದು ತೋರಿಸಿದ. ಅಮೆರಿಕದ ಎಡ್ವರ್ಡ್ ಅಚೆಸನ್, ಸಿಲಿಕಾನ್ ಮತ್ತು ಕಾರ್ಬನ್ ಸೇರಿದ ಕಾರ್ಬೊರಂಡಮ್ಮನ್ನು ವಿಪರೀತ ಕಾಯಿಸಿದರೆ ಸಿಲಿಕಾನ್ ಆವಿಯಾಗಿ ಗ್ರಾಫೈಟ್ ಉಳಿಯುತ್ತದೆಂದು ಕಂಡುಕೊಂಡು 1896ರಲ್ಲಿ ಪೇಟೆಂಟ್ ಪಡೆದ. ಕಾರ್ಖಾನೆಯಲ್ಲೇ ಗ್ರಾಫೈಟ್ ತಯಾರಾಗತೊಡಗಿತು.

ಈ ಎರಡು ಪುಡಿಗಳ ಜಾರುವ ಗುಣದ ಗುಟ್ಟು ಅವುಗಳ ಒಳರಚನೆಯಲ್ಲಿದೆ. ಪರಮಾಣುಗಳ ಹಾಳೆಗಳು ಇಸ್ಪೀಟ್ ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಕೂತಿವೆ; ಹಾಳೆ ಗಟ್ಟಿ, ಹಾಳೆಗಳ ನಡುವಿನ ಹಿಡಿತ ಸಡಿಲ. ಆದರೆ ಗ್ರಾಫೈಟ್ ಜಾರಲು ಗಾಳಿಯ ತೇವವೂ ಬೇಕು. ಎರಡನೇ ಮಹಾಯುದ್ಧದಲ್ಲಿ ಒಣಗಾಳಿಯ ತೀರಾ ಎತ್ತರಕ್ಕೆ ಏರಿದ ವಿಮಾನಗಳ ಜನರೇಟರುಗಳಲ್ಲಿ ಗ್ರಾಫೈಟ್ ಇರುವ ಕಾರ್ಬನ್ ಬ್ರಶ್ಶುಗಳು ಬೇಗಬೇಗ ಸವೆದು ಪುಡಿಯಾದದ್ದು ಈ ಕಾರಣಕ್ಕೇ. ಮಾಲಿಬ್ಡಿನಂ ಡೈಸಲ್ಫೈಡಿಗೆ ಆ ಹಂಗಿಲ್ಲ, ನಿರ್ವಾತದಲ್ಲೂ ಜಾರುತ್ತದೆ. ಬಾಹ್ಯಾಕಾಶ ಯಂತ್ರಗಳಿಗೂ ಅದು ಒಗ್ಗಿದ್ದು ಹೀಗೆ.

ಪುಡಿಯನ್ನು ಹೊತ್ತು ನಿಲ್ಲುವ ಗ್ರೀಸೂ ಒಳ್ಳೆಯದಿರಬೇಕಲ್ಲ? 1940ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಪೇಟೆಂಟ್ ಪಡೆದ ಲಿಥಿಯಂ ಸೋಪಿನ ಗ್ರೀಸು ನೀರನ್ನೂ ಬಿಸಿಯನ್ನೂ ತಡೆದುಕೊಂಡಿತು. ಇಂದು ಭಾರೀ ಯಂತ್ರಗಳ ಪಿನ್ನುಗಳಿಗೆ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಗ್ರೀಸು ಹಾಕುತ್ತಾರೆ. ಎಣ್ಣೆ ಹಿಂಡಿಹೋದರೂ ಲೋಹದ ಸೂಕ್ಷ್ಮ ಗೀರುಗಳಲ್ಲಿ ಪುಡಿ ಅಂಟಿಕೊಂಡಿದ್ದು, ಉಜ್ಜಾಟವನ್ನು ತಾನು ತೆಗೆದುಕೊಳ್ಳುತ್ತದೆ.

ಹಾಗೆಂದು ಇದನ್ನು ಎಲ್ಲ ಕಡೆಗೂ ತುಂಬುವುದು ತಪ್ಪು. ವೇಗವಾಗಿ ತಿರುಗುವ ಬೇರಿಂಗಿನಲ್ಲಿ ಎಣ್ಣೆಯ ಪದರವೇ ಸಾಕು. ಪುಡಿ ಹೆಚ್ಚಾದರೆ ರೋಲರು ಉರುಳುವ ಬದಲು ಜಾರಬಹುದು. ಇನ್ನು ಪಿನ್ನಿನೊಳಗೆ ಸೇರಿದ ಮಣ್ಣನ್ನು ಯಾವ ಪುಡಿಯೂ ಹೊರಹಾಕದು. ಗ್ರೀಸು ತುಂಬುವ ನಿಪ್ಪಲ್ಲಿನ ಬಾಯಿ ಒರೆಸಿ, ಹಳೆಯ ಗ್ರೀಸು ಹೊರಬಂದು ಅಂಚಿನಲ್ಲಿ ಹೊಸದು ಕಾಣುವವರೆಗೆ ಗ್ರೀಸ್ ಗನ್ ಒತ್ತುವ ಆಪರೇಟರನ ಕೆಲಸವೇ ಅದನ್ನು ಮಾಡಬೇಕು. ಪುಡಿ ಕಾಯುವುದು ಎಣ್ಣೆ ಸೋತ ಗಳಿಗೆಯನ್ನು. ಉಳಿದ ಹೊತ್ತೆಲ್ಲ ಯಂತ್ರವನ್ನು ಕಾಯುವುದು ತಪ್ಪದ ಆರೈಕೆ.